ಕೆಳಗೆ ಮದ್ದು, ಮೇಲೆ ರೇಷ್ಮೆ: ಜಪಾನಿನ ಒಂದು ಬೆಟ್ಟದೂರಿನ ಕತೆ

ಪರದೆ ಮೇಲಿರುವ ಈ ಫೋಟೋವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಕ್ಯಾಲೆಂಡರಿನಲ್ಲೋ, ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲೋ. ಸುತ್ತ ಬೆಟ್ಟ, ಆಳೆತ್ತರದ ಹಿಮ, ನಡುವೆ ಕಡಿದಾದ ಹುಲ್ಲಿನ ಚಾವಣಿಯ ಮನೆಗಳು, ಕಿಟಕಿಗಳಲ್ಲಿ ಹಳದಿ ದೀಪ. ಇದು ಶಿರಕಾವಾಗೊ. ಫೋಟೋ ಕೆಳಗೆ ಸಾಮಾನ್ಯವಾಗಿ ಒಂದೇ ಥರದ ಮಾತಿರುತ್ತದೆ: ಎಷ್ಟು ನೆಮ್ಮದಿ, ಲೋಕದ ಗೊಡವೆಯೇ ಇಲ್ಲ, ಇಂಥ ಕಡೆ ಹೋಗಿ ಇದ್ದುಬಿಡಬೇಕು. ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸದ ಮೇಲೆ ನಗೋಯಾದಲ್ಲಿ ಮೂರು ವರ್ಷ ಇದ್ದಾಗ ಒಂದು ಫೆಬ್ರವರಿಯಲ್ಲಿ ಬಸ್ಸು ಹತ್ತಿ ಹೋದೆ, ಎಲ್ಲರ ಹಾಗೆ ಫೋಟೋ ತೆಗೆದುಕೊಂಡು ಬಂದೆ. ಆಮೇಲೆ ಓದುತ್ತಾ ಹೋದ ಹಾಗೆ, ಇನ್ನೂ ಎರಡು ಸಲ ಹೋಗಿ ಬಂದ ಮೇಲೆ, ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ ಆಯಿತು. ಲೋಕದ ಗೊಡವೆ ಇಲ್ಲದಿದ್ದರೆ ಈ ಮನೆಗಳೇ ಇರುತ್ತಿರಲಿಲ್ಲ. ಇವು ಮನೆ ಅನ್ನುವುದಕ್ಕಿಂತ ಕಾರ್ಖಾನೆ. ಕೆಳಗೆ ಕೋವಿಮದ್ದಿನ ಸರಕು, ಮೇಲೆ ರೇಷ್ಮೆ, ನಡುವೆ ಜನ. ಇವತ್ತು ಅದನ್ನೇ ಹೇಳೋಣ ಅಂತ ಬಂದಿದ್ದೇನೆ.

ಮೊದಲು ಜಾಗ ಎಲ್ಲಿ ಅಂತ ನೋಡೋಣ. ಜಪಾನಿನ ದೊಡ್ಡ ದ್ವೀಪ ಹೊನ್ಶೂ. ಅದರ ನಡುಭಾಗದಲ್ಲಿ ಶೋ ಅನ್ನುವ ನದಿ ಬೆಟ್ಟಗಳ ನಡುವೆ ಕೊರೆದುಕೊಂಡು ಉತ್ತರಕ್ಕೆ ಹರಿದು ಜಪಾನ್ ಸಮುದ್ರ ಸೇರುತ್ತದೆ. ನದಿಯ ಮೇಲ್ಭಾಗ ಶಿರಕಾವಾಗೊ, ಅದು ಗಿಫು ಪ್ರಾಂತ್ಯ. ಸ್ವಲ್ಪ ಕೆಳಗೆ ಗೊಕಾಯಾಮಾ, ಅದು ತೊಯಾಮಾ ಪ್ರಾಂತ್ಯ. ಪಡುವಣಕ್ಕೆ 2702 ಮೀಟರ್ ಎತ್ತರದ ಹಕುಸಾನ್ ಬೆಟ್ಟ. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಇಲ್ಲಿಯ ಮೂರು ಊರು ಸೇರಿದವು: ಶಿರಕಾವಾಗೊದ ಓಗಿಮಾಚಿ, ಗೊಕಾಯಾಮಾದ ಐನೊಕುರಾ ಮತ್ತು ಸುಗಾನುಮಾ. ನೀವು ನೋಡುವ ಫೋಟೋ ನೂರಕ್ಕೆ ತೊಂಬತ್ತು ಓಗಿಮಾಚಿಯದು. ಓಗಿಮಾಚಿ ಸೇರಿದ ಶಿರಕಾವಾ ಪಂಚಾಯಿತಿಯಲ್ಲಿ ನೂರಕ್ಕೆ 95ರಷ್ಟು ಜಾಗ ಕಾಡು. ಉಳಿದ ಐದರಲ್ಲಿ ಮನೆ, ಗದ್ದೆ, ರಸ್ತೆ, ನದಿ ಎಲ್ಲ ಆಗಬೇಕು. ಇದೊಂದು ಅಂಕಿ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ ಹೊರಡುತ್ತದೆ.

ಹಿಮ ಯಾಕೆ ಅಷ್ಟು ಜಾಸ್ತಿ? ಸೈಬೀರಿಯಾದಿಂದ ಒಣ ಚಳಿಗಾಳಿ ಬರುತ್ತದೆ. ದಾರಿಯಲ್ಲಿ ಜಪಾನ್ ಸಮುದ್ರದ ಮೇಲೆ ನೀರು ಹೀರಿಕೊಳ್ಳುತ್ತದೆ. ಬೆಟ್ಟಕ್ಕೆ ಬಡಿದ ತಕ್ಷಣ ಎಲ್ಲವನ್ನೂ ಇಳಿಸುತ್ತದೆ. ನಮ್ಮ ಪಶ್ಚಿಮ ಘಟ್ಟಕ್ಕೆ ಮುಂಗಾರು ಬಡಿದ ಹಾಗೇ. ಆದರೆ ಇಲ್ಲಿ ಇಳಿದದ್ದು ಹರಿದು ಹೋಗುವುದಿಲ್ಲ, ವಸಂತದವರೆಗೂ ಅಲ್ಲೇ ಕೂರುತ್ತದೆ. ಅದೂ ಒದ್ದೆ ಹಿಮ, ತುಂಬಾ ಭಾರ. ರಸ್ತೆ ಬರುವ ಮುಂಚೆ ವರ್ಷದಲ್ಲಿ ತಿಂಗಳುಗಟ್ಟಲೆ ಹೊರಗಿನವರ ಮುಖ ಕಾಣುತ್ತಿರಲಿಲ್ಲ. ಗೊಕಾಯಾಮಾದಲ್ಲಿ ನದಿಗೆ ಸೇತುವೆಯೂ ಇರಲಿಲ್ಲ. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿ, ಅದಕ್ಕೊಂದು ಬುಟ್ಟಿ ಇಳಿಬಿಟ್ಟು, ಅದರಲ್ಲಿ ಕೂತು ಎಳೆದುಕೊಂಡು ದಾಟಬೇಕು. ಕೆಳಗೆ ಕಂದರ. ಆ ಸೀಮೆಯನ್ನು ಆಳುತ್ತಿದ್ದ ಕಾಗಾ ಸಂಸ್ಥಾನದವರಿಗೆ ಇದು ಬಹಳ ಅನುಕೂಲವಾಗಿತ್ತು. ಬೇಡದವರನ್ನು ಗಡಿಪಾರು ಮಾಡಲು ಇಲ್ಲಿಗೇ ಕಳಿಸುತ್ತಿದ್ದರು. ಹಾಗೆ ಬಂದವರನ್ನು ಕೂಡಿಹಾಕುತ್ತಿದ್ದ ಗುಡಿಸಲಿನ ಮಾದರಿಯೊಂದು ಈಗಲೂ ಇದೆ. ಊಟ ಕೊಡಲು ಗೋಡೆಯಲ್ಲಿ ಒಂದು ಸಣ್ಣ ಕಂಡಿ, ಅಷ್ಟೇ.

ಬೆಟ್ಟದ ಬಗ್ಗೆ ಇನ್ನೊಂದು ಮಾತು. 1586ರ ಜನವರಿ 18ರ ರಾತ್ರಿ ಈ ಭಾಗದಲ್ಲಿ ದೊಡ್ಡ ಭೂಕಂಪವಾಯಿತು. ಶಿರಕಾವಾದಲ್ಲಿ ಕಾಯೆರಿಗುಮೊ ಅನ್ನುವ ಕೋಟೆ ಇತ್ತು, ಉಚಿಗಶಿಮಾ ಅನ್ನುವ ಮನೆತನ ಅಲ್ಲಿಂದ ಆಳುತ್ತಿತ್ತು. ಬೆಟ್ಟದ ಒಂದು ಮಗ್ಗುಲು ಕುಸಿದು ಕೋಟೆ, ಕೆಳಗಿನ ಪೇಟೆ, ಮನೆತನ ಎಲ್ಲ ಒಂದೇ ರಾತ್ರಿಯಲ್ಲಿ ಮಣ್ಣಾದವು. ಕೋಟೆ ಸರಿಯಾಗಿ ಎಲ್ಲಿತ್ತು ಅಂತಲೇ ಇವತ್ತಿಗೂ ಜಗಳ. ಅವರಿಗೆ ಚಿನ್ನದ ಗಣಿ ಇತ್ತಂತೆ, ಆ ಚಿನ್ನ ಮಣ್ಣಿನಡಿ ಇದೆಯಂತೆ ಅಂತ ಹುಡುಕುವವರೂ ಇದ್ದಾರೆ. ನಿಧಿ ಹುಚ್ಚು ನಮ್ಮ ಕಡೆ ಮಾತ್ರ ಅಲ್ಲ ನೋಡಿ.

ಇಂಥ ಜಾಗಕ್ಕೆ ಜನ ಯಾಕೆ ಬಂದರು? ಊರಿನವರು ಹೇಳುವ ಕತೆ ಏನಂದರೆ, 12ನೇ ಶತಮಾನದಲ್ಲಿ ಯುದ್ಧದಲ್ಲಿ ಸೋತ ಹೇಕೆ ವಂಶದ ಯೋಧರು ತಪ್ಪಿಸಿಕೊಂಡು ಬಂದು ನೆಲೆಸಿದರು ಅಂತ. ನನಗೆ ಅಷ್ಟು ನಂಬಿಕೆ ಇಲ್ಲ. ಜಪಾನಿನ ಮೂಲೆಮೂಲೆಯ ಬೆಟ್ಟದೂರುಗಳೆಲ್ಲ ಇದೇ ಕತೆ ಹೇಳುತ್ತವೆ. ಅಷ್ಟು ಜನ ಬದುಕಿ ಉಳಿದಿದ್ದರೆ ಆ ಯುದ್ಧವನ್ನು ಅವರೇ ಗೆಲ್ಲಬಹುದಿತ್ತು.

ಊಟದ ವಿಷಯಕ್ಕೆ ಬರೋಣ. ಸಮತಟ್ಟು ನೆಲ ಇಲ್ಲದ ಮೇಲೆ ಭತ್ತ ಎಲ್ಲಿಂದ ಬರಬೇಕು? ಇವತ್ತು ಓಗಿಮಾಚಿಯ ಮನೆಗಳ ನಡುವೆ ಚೆಂದದ ಗದ್ದೆಗಳು ಕಾಣುತ್ತವಲ್ಲ, ಅವುಗಳಲ್ಲಿ ಬಹಳಷ್ಟು ಈಚಿನವು. ಹಿಂದೆ ಇದ್ದದ್ದು ಕುಮರಿ. ಇಳಿಜಾರಿನ ಕಾಡು ಕಡಿದು, ಸುಟ್ಟು, ಆ ಬೂದಿಯಲ್ಲಿ ನಾಲ್ಕೈದು ವರ್ಷ ಬೆಳೆದು, ಮತ್ತೆ ಕಾಡಿಗೆ ಬಿಡುವುದು. ಏನು ಬೆಳೆಯುತ್ತಿದ್ದರು ಗೊತ್ತಾ? ನವಣೆ, ಊದಲು, ಆಮೇಲೆ ಸೋಬಾ ಅಂತ ಕಪ್ಪು, ಮೂರು ಮೂಲೆಯ ಒಂದು ಕಾಳು, ಇಂಗ್ಲಿಷಿನಲ್ಲಿ ಬಕ್‌ವೀಟ್ ಅನ್ನುವುದು. ಜೊತೆಗೆ ಸೋಯಾ. ಈಗ ನಮ್ಮ ಅಂಗಡಿಗಳಲ್ಲಿ ಸಿರಿಧಾನ್ಯ ಅಂತ ಪ್ಯಾಕೆಟ್ ಮಾಡಿ ಮಾರುತ್ತಾರಲ್ಲ, ಅದೇ ನವಣೆ, ಅದೇ ಊದಲಿನ ದಾಯಾದಿ. ಬೆಳೆ ಸಾಕಾಗದ ವರ್ಷ ಕಾಡಿನಿಂದ ತೊಚಿ ಮರದ ಕಾಯಿ ತಂದು, ಬೂದಿ ನೀರಿನಲ್ಲಿ ನೆನೆಹಾಕಿ, ಕಹಿ ತೆಗೆದು ತಿನ್ನುತ್ತಿದ್ದರು.

ಆದರೆ ಕಂದಾಯ ಬಿಡುತ್ತದೆಯೇ? ಆ ಕಾಲದ ಜಪಾನಿನಲ್ಲಿ ಕಂದಾಯ ಅಂದರೆ ಅಕ್ಕಿ. ಅಕ್ಕಿ ಇಲ್ಲದವರು ಬೇರೆ ಏನಾದರೂ ಕೊಡಬೇಕು. ಉಪ್ಪು, ಅಕ್ಕಿ, ಕಬ್ಬಿಣ ಹೊರಗಿನಿಂದಲೇ ಬರಬೇಕು, ಅದಕ್ಕೂ ದುಡ್ಡು ಬೇಕು. ಅಂದರೆ ಈ ಊರು ಒಂದು ದಿನವೂ ತನ್ನಷ್ಟಕ್ಕೆ ತಾನು ಇದ್ದದ್ದೇ ಇಲ್ಲ. ಮಾರುವ ವಸ್ತು ಹೇಗಿರಬೇಕು ಅಂದರೆ, ತೂಕ ಕಡಿಮೆ, ಬೆಲೆ ಜಾಸ್ತಿ. ಬೆಟ್ಟ ಹತ್ತಿಸಿ ಇಳಿಸಬೇಕಲ್ವಾ. ರೇಷ್ಮೆ ಹಾಗಿತ್ತು, ಕೈಯಲ್ಲಿ ಮಾಡಿದ ಕಾಗದ ಹಾಗಿತ್ತು. ಇನ್ನೊಂದು ಇತ್ತು, ಅದೇ ನನಗೆ ಬಹಳ ಇಷ್ಟವಾದ ಭಾಗ. ಪೆಟ್ಲುಪ್ಪು.

ಪೆಟ್ಲುಪ್ಪು ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕೋವಿಮದ್ದಿಗೆ ಮೂರು ವಸ್ತು ಬೇಕು: ಇದ್ದಿಲು, ಗಂಧಕ, ಪೆಟ್ಲುಪ್ಪು. ಅದರಲ್ಲಿ ಪೆಟ್ಲುಪ್ಪಿನದೇ ಮುಕ್ಕಾಲು ಪಾಲು. 1543ರಲ್ಲಿ ಪೋರ್ಚುಗೀಸರ ಜೊತೆ ಜಪಾನಿಗೆ ಕೋವಿ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಮ್ಮಾರರು ಸಾವಿರಗಟ್ಟಲೆ ಕೋವಿ ಮಾಡಿಬಿಟ್ಟರು. ಇದ್ದಿಲಿಗೆ ಕಾಡಿದೆ, ಗಂಧಕಕ್ಕೆ ಜ್ವಾಲಾಮುಖಿ ಇದೆ, ಪೆಟ್ಲುಪ್ಪು ಮಾತ್ರ ಇಲ್ಲ. ಬಿಹಾರದ ಕಡೆ ನೆಲದ ಮೇಲೆ ತಾನಾಗಿ ಬಿಳಿ ಬಿಳಿಯಾಗಿ ಏಳುತ್ತದೆ. ಜಪಾನಿನ ಮಳೆಗೆ ಅದು ತೊಳೆದು ಹೋಗುತ್ತದೆ. ಹಾಗಾದರೆ ಮಳೆ ಬೀಳದ, ಚಳಿಗಾಲದಲ್ಲೂ ಬೆಚ್ಚಗಿರುವ ಮಣ್ಣು ಎಲ್ಲಿದೆ? ಮನೆಯ ಕೆಳಗೆ.

ಗೊಕಾಯಾಮಾದವರು ಮಾಡಿದ್ದು ಇದನ್ನೇ. ನಡುಮನೆಯಲ್ಲಿ ಇರೋರಿ ಅಂತ ನೆಲದಲ್ಲೇ ತಗ್ಗು ಮಾಡಿದ ಬೆಂಕಿಗೂಡು ಇರುತ್ತದೆ, ವರ್ಷವಿಡೀ ಆರುವುದಿಲ್ಲ. ಅದರ ಪಕ್ಕ ಹಲಗೆ ತೆಗೆದು ಆಳೆತ್ತರದ ಗುಂಡಿ ತೋಡುತ್ತಿದ್ದರು. ಅದಕ್ಕೆ ಒಣಗಿದ ಹೊಲದ ಮಣ್ಣು ಒಂದು ಪದರ, ಸೋಬಾ ಕಡ್ಡಿ ಮತ್ತು ಕಾಡು ಸೊಪ್ಪು ಒಂದು ಪದರ, ರೇಷ್ಮೆ ಹುಳುವಿನ ಹಿಕ್ಕೆ ಒಂದು ಪದರ, ಅದರ ಮೇಲೆ ಮನುಷ್ಯರ ಉಚ್ಚೆ. ಹೀಗೆ ತುಂಬಿ ಮುಚ್ಚುವುದು. ವರ್ಷಕ್ಕೆ ಎರಡು ಮೂರು ಸಲ ತೆಗೆದು, ತಿರುವಿ ಹಾಕಿ, ಹೊಸ ಸೊಪ್ಪು ಸೇರಿಸುವುದು. ನಾಲ್ಕೈದು ವರ್ಷ ಕಾಯುವುದು. ಮಣ್ಣಿನ ಸೂಕ್ಷ್ಮಜೀವಿಗಳು ಆ ಬಿಸಿಯಲ್ಲಿ ಕೂತು ಉಚ್ಚೆಯ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅವರಿಗೆ ಸೂಕ್ಷ್ಮಜೀವಿ ಗೊತ್ತಿರಲಿಲ್ಲ, ಆದರೆ ಬಿಸಿ ಬೇಕು, ಗಾಳಿ ಆಡಬೇಕು, ಅವಸರ ಮಾಡಬಾರದು, ಇದು ಗೊತ್ತಿತ್ತು. ಐದನೇ ವರ್ಷ ಆ ಮಣ್ಣನ್ನು ತೊಟ್ಟಿಗೆ ಹಾಕಿ ನೀರು ಬಿಟ್ಟು ಬಸಿಯುತ್ತಾರೆ. ಬಸಿದ ನೀರನ್ನು ಕುದಿಸುತ್ತಾರೆ, ಮರದ ಬೂದಿ ಸೇರಿಸುತ್ತಾರೆ, ಸೋಸುತ್ತಾರೆ, ತಣ್ಣಗಾಗಲು ಬಿಡುತ್ತಾರೆ. ತಳದಲ್ಲಿ ಹರಳು ಕಟ್ಟುತ್ತದೆ. ಬೂದಿ ಯಾಕೆ ಅಂದರೆ, ಅದರಲ್ಲಿ ಪೊಟ್ಯಾಸಿಯಂ ಇದೆ. ಅದು ಸೇರದಿದ್ದರೆ ಹರಳು ಗಾಳಿಯ ತೇವ ಹೀರಿ ಒದ್ದೆ ಮುದ್ದೆಯಾಗುತ್ತದೆ, ಮದ್ದಿಗೆ ಬರುವುದಿಲ್ಲ. ಬಸಿದು ಉಳಿದ ಮಣ್ಣನ್ನು ಎಸೆಯುವುದಿಲ್ಲ, ಮತ್ತೆ ಗುಂಡಿಗೆ. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಆಮೇಲೆ ಅದೇ ಮಣ್ಣು ಬೇಗ ಬೇಗ ಕೊಡುತ್ತದೆ.

ಯೋಚನೆ ಮಾಡಿ, ನೀವು ಊಟಕ್ಕೆ ಕೂತಿದ್ದೀರಿ, ನಿಮ್ಮ ಚಾಪೆಯ ಕೆಳಗೆ ಯಾರದೋ ಯುದ್ಧ ನಿಧಾನವಾಗಿ ಹುದುಗುತ್ತಿದೆ. 1570ರಿಂದ 1580ರವರೆಗೆ ಒಸಾಕಾದ ಹೊಂಗಾಂಜಿ ಅನ್ನುವ ಬೌದ್ಧ ಮಠದವರು ಆಗಿನ ದೊಡ್ಡ ದಂಡನಾಯಕ ಒದಾ ನೊಬುನಾಗಾನ ಸೇನೆಯನ್ನು ಹತ್ತು ವರ್ಷ ತಡೆದು ನಿಲ್ಲಿಸಿದರು, ಆ ಮಠಕ್ಕೆ ಗೊಕಾಯಾಮಾದಿಂದ ಪೆಟ್ಲುಪ್ಪು ಹೋಗುತ್ತಿತ್ತು ಅನ್ನುತ್ತಾರೆ. ಇಲ್ಲಿಯವರೆಲ್ಲ ಅದೇ ಪಂಥದ ಭಕ್ತರು. ಆಮೇಲೆ ಬಂದ ಕಾಗಾ ಸಂಸ್ಥಾನ, ಮಾಯೆದಾ ಮನೆತನ, ಕಂದಾಯಕ್ಕೇ ಇದನ್ನು ತೆಗೆದುಕೊಂಡಿತು. ಎದೊದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಕೂತು ದೇಶ ಆಳುತ್ತಿದ್ದ ಶೋಗುನ್ ಕಣ್ಣಿಗೆ ಬೀಳದ ಹಾಗೆ ಮದ್ದು ಮಾಡಿಸಲು ಸೇತುವೆ ಇಲ್ಲದ ಕಣಿವೆಗಿಂತ ಒಳ್ಳೆಯ ಜಾಗ ಬೇಕೇ? ಈಗ ಹೇಳಿ, ಗೊಕಾಯಾಮಾಕ್ಕೆ ಸೇತುವೆ ಇರಲಿಲ್ಲ ಅನ್ನುವುದು ಬರೀ ಬಡತನದ ಮಾತೇ? ದೂರದ ಊರು ಅಂತ ನಾವು ಸುಲಭವಾಗಿ ಹೇಳುತ್ತೇವೆ. ಇದನ್ನು ದೂರ ಇಟ್ಟವರಿದ್ದರು, ಅದರಿಂದ ಲಾಭವಾದವರಿದ್ದರು. 1871ರಲ್ಲಿ ಸಂಸ್ಥಾನಗಳು ರದ್ದಾದವು. ಕೊಳ್ಳುವವರೇ ಇಲ್ಲದಾದರು, ವಿದೇಶದಿಂದ ಅಗ್ಗದ ಪೆಟ್ಲುಪ್ಪು ಬಂತು. ಮುನ್ನೂರು ವರ್ಷದ ಕಸುಬು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಈಗ ಮೇಲಕ್ಕೆ ಹತ್ತೋಣ. ಈ ಮನೆಗಳಿಗೆ ಗಾಶ್ಶೊ-ಜುಕುರಿ ಅಂತ ಹೆಸರು. ಗಾಶ್ಶೊ ಅಂದರೆ ಕೈ ಮುಗಿಯುವುದು. ಎರಡು ಅಂಗೈ ಜೋಡಿಸಿದ ಹಾಗೆ ಚಾವಣಿ, ಹತ್ತಿರ ಹತ್ತಿರ 60 ಡಿಗ್ರಿ ಕಡಿದು, ಹಿಮ ನಿಲ್ಲದೆ ಜಾರಲಿ ಅಂತ. ಕೆಳಗಿನ ಮನೆಯನ್ನು ಕಟ್ಟುವವರು ಹೊರಗಿನಿಂದ ಬಂದ ಬಡಗಿಗಳು. ಚಾವಣಿ ಮಾತ್ರ ಊರಿನವರದೇ ಕೈಕೆಲಸ. ಅದರಲ್ಲಿ ಒಂದು ಮೊಳೆ ಇಲ್ಲ. ದಪ್ಪ ತೊಲೆಗಳನ್ನು ಹುಲ್ಲಿನ ಹಗ್ಗದಿಂದ, ನೆಸೊ ಅನ್ನುವ ಎಳೆ ಮರದ ಬಳುಕುವ ಕೋಲಿನಿಂದ ಬಿಗಿಯುತ್ತಾರೆ. ಹಸಿಯಾಗಿ ಸುತ್ತಿದ ನೆಸೊ ಒಣಗುತ್ತಾ ಇನ್ನೂ ಬಿಗಿಯಾಗುತ್ತದೆ. ನನಗೆ ಬೆರಗಾದದ್ದು ತೊಲೆಯ ಬುಡ. ಅದನ್ನು ಪೆನ್ಸಿಲ್ ಮೊನೆಯ ಹಾಗೆ ಚೂಪು ಮಾಡಿ, ಕೆಳಗಿನ ಮರದಲ್ಲಿ ಒಂದು ಕುಳಿ ತೆಗೆದು, ಸುಮ್ನೆ ಕೂರಿಸಿದ್ದಾರೆ. ಗಾಳಿ ಬೀಸಿದರೆ, ನೆಲ ನಡುಗಿದರೆ, ಇಡೀ ಚಾವಣಿ ಆ ಮೊನೆಯ ಮೇಲೆ ಚೂರು ಓಲಾಡಿ ಮತ್ತೆ ನಿಲ್ಲುತ್ತದೆ. ಕೆಳಗಿನ ಅಡ್ಡತೊಲೆಗಳು ಬುಡದಲ್ಲಿ ಸೊಟ್ಟ. ಇಳಿಜಾರಿನಲ್ಲಿ ಹಿಮದ ಭಾರಕ್ಕೆ ಬುಡ ಬಾಗಿ ಬೆಳೆದ ಮರಗಳನ್ನೇ ಹುಡುಕಿ ತರುತ್ತಾರೆ. ಬೆಟ್ಟ ಬಾಗಿಸಿದ್ದು ಮನೆಗೆ ಕಮಾನಾಗುತ್ತದೆ.

ಓಗಿಮಾಚಿಯ ಮೇಲೊಂದು ದಿಬ್ಬ ಇದೆ. ಅಲ್ಲಿಂದ ನೋಡಿದರೆ ಮನೆಗಳೆಲ್ಲ ಒಂದೇ ಕಡೆ ಮುಖ ಮಾಡಿ ಕೂತ ಹಾಗೆ ಕಾಣುತ್ತವೆ. ತ್ರಿಕೋನದ ಮುಖ ಉತ್ತರಕ್ಕೆ ದಕ್ಷಿಣಕ್ಕೆ, ಚಾವಣಿಯ ಎರಡು ಮಗ್ಗುಲು ಮೂಡಣ ಪಡುವಣಕ್ಕೆ. ಬೆಳಗ್ಗೆ ಒಂದು ಮಗ್ಗುಲು, ಮಧ್ಯಾಹ್ನ ಇನ್ನೊಂದು ಮಗ್ಗುಲು ಬಿಸಿಲಿಗೆ ಒಣಗುತ್ತದೆ. ಕಣಿವೆಯ ಗಾಳಿ ಬೀಸುವುದು ಉತ್ತರ ದಕ್ಷಿಣವಾಗಿ. ಅದು ಅಗಲ ಮಗ್ಗುಲಿಗೆ ಬಡಿಯುವುದಿಲ್ಲ, ತ್ರಿಕೋನದ ಕಿಟಕಿ ತೆರೆದರೆ ಅಟ್ಟದಲ್ಲಿ ಈ ಕಡೆಯಿಂದ ಆ ಕಡೆಗೆ ಹಾದು ಹೋಗುತ್ತದೆ. ಅಟ್ಟಕ್ಕೆ ಗಾಳಿ ಯಾಕೆ? ರೇಷ್ಮೆ ಹುಳುವಿಗೆ.

ಇಲ್ಲಿ ಯಾರಾದರೂ ರಾಮನಗರದವರೋ ಶಿಡ್ಲಘಟ್ಟದವರೋ ಇದ್ದರೆ ನಾನು ವಿವರಿಸಬೇಕಿಲ್ಲ. ಹುಳು ಜ್ವರಕ್ಕೆ ಕೂರುವಾಗ, ಅಂದರೆ ಪೊರೆ ಬಿಡುವಾಗ, ಹಣ್ಣಾಗಿ ಗೂಡು ಕಟ್ಟಲು ಹೊರಟಾಗ ಮನೆಯವರ ಪಾಡು ಏನು ಅಂತ ನಿಮಗೇ ಗೊತ್ತು. ಸೆಕೆ ಆದರೂ ಕಷ್ಟ, ಚಳಿ ಆದರೂ ಕಷ್ಟ. ಗಾಶ್ಶೊ ಮನೆಯ ಅಟ್ಟ ಎರಡು ಮೂರು, ಕೆಲವು ಕಡೆ ನಾಲ್ಕು ಅಂತಸ್ತು. ನೆಲಕ್ಕೆ ಹಲಗೆ ಇಲ್ಲ, ಸಂದಿ ಬಿಟ್ಟ ಬಿದಿರು ದಬ್ಬೆ. ಕೆಳಗಿನ ಇರೋರಿಯ ಬಿಸಿ ಅದರ ಮೂಲಕ ಏರುತ್ತದೆ. ಹೊಗೆಯೂ ಏರುತ್ತದೆ, ಹುಲ್ಲನ್ನೂ ಹಗ್ಗವನ್ನೂ ಕಪ್ಪು ಹಿಡಿಸಿ ಹುಳ ಹಿಡಿಯದ ಹಾಗೆ ಕಾಯುತ್ತದೆ. ಇದೊಂದು ಬೆಂಕಿಗೆ ಎಷ್ಟು ಕೆಲಸ ನೋಡಿ: ಅಡುಗೆ, ಬೆಚ್ಚಗೆ ಇಡುವುದು, ಪೆಟ್ಲುಪ್ಪು ಗುಂಡಿ, ಹುಳು, ಚಾವಣಿ. ಮೇಲಿನ ಹುಳುವಿನ ಹಿಕ್ಕೆ ಕೆಳಗಿನ ಗುಂಡಿಗೆ ಇಳಿಯುತ್ತದೆ. ಕಾರ್ಖಾನೆ ಅಂದದ್ದು ಇದಕ್ಕೇ.

ಪೆಟ್ಲುಪ್ಪು ನಿಂತ ಮೇಲೆ ಊರನ್ನು ಉಳಿಸಿದ್ದು ರೇಷ್ಮೆ. 1909ರ ಹೊತ್ತಿಗೆ ಜಪಾನ್ ಚೀನಾವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ಕಳಿಸುವ ದೇಶವಾಯಿತು. ಹೆಚ್ಚಿನದು ಅಮೆರಿಕಕ್ಕೆ. ಈ ಬಿರುಸು ನಮ್ಮ ಬೆಂಗಳೂರಿಗೂ ತಾಗಿತ್ತು. ಜೆಮ್‌ಶೆಟ್‌ಜಿ ಟಾಟಾ ಜಪಾನಿನಲ್ಲಿ ರೇಷ್ಮೆ ಕೆಲಸ ನೋಡಿ ಬಂದು, 1890ರ ದಶಕದ ಕೊನೆಗೆ ಮೈಸೂರು ಸರ್ಕಾರದ ನೆರವಿನಲ್ಲಿ ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿಸಿದರು. ನಡೆಸಲು ಜಪಾನಿನಿಂದಲೇ ಪರಿಣತರು ಬಂದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅಂತ ಬಸ್ ಸ್ಟಾಪ್ ಹೆಸರು ಹೇಳುತ್ತೀರಲ್ಲ, ಅದು ಇದೇ. ಆಮೇಲೆ 1990ರ ದಶಕದಲ್ಲಿ ವರ್ಷಕ್ಕೆ ಎರಡು ಪೀಳಿಗೆಯ, ಬಿಳಿಗೂಡಿನ ದ್ವಿತಳಿ ಹುಳು ನಮ್ಮ ರೈತರ ಮನೆಗೆ ಬರಲು ಜಪಾನ್ ಸರ್ಕಾರದ ನೆರವಿನ ಯೋಜನೆಯದೂ ಪಾಲಿತ್ತು.

ರೇಷ್ಮೆಗೆ ಕೈ ಬೇಕು, ತುಂಬಾ ಕೈ ಬೇಕು. ಶಿರಕಾವಾದ ನಾಕಾಗಿರಿ ಅನ್ನುವ ಭಾಗದಲ್ಲಿ ಒಂದೊಂದು ಮನೆಯಲ್ಲಿ ಮೂವತ್ತು ನಲವತ್ತು ಜನ ಇರುತ್ತಿದ್ದರು. ಮಿಬೊರೊದ ತೊಯಾಮಾ ಮನೆ ಈಗ ಮ್ಯೂಸಿಯಂ ಆಗಿದೆ, ಹೋದರೆ ನೋಡಿ. ಅಲ್ಲಿಯ ಕ್ರಮ ವಿಚಿತ್ರ. ಹಂಚಲು ಜಮೀನಿಲ್ಲ, ಹಾಗಾಗಿ ಹಿರಿಯ ಮಗನಿಗೆ ಮಾತ್ರ ಮದುವೆ ಮಾಡಿ ಹೆಂಡತಿಯನ್ನು ಮನೆಗೆ ತರುತ್ತಾರೆ. ಉಳಿದ ಗಂಡುಮಕ್ಕಳಿಗೆ ಬೇರೆ ಮನೆಯ ಹೆಣ್ಣಿನ ಜೊತೆ ಸಂಬಂಧ ಇರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅವನು ರಾತ್ರಿ ಹೋಗಿ ಬೆಳಗ್ಗೆ ತನ್ನ ಮನೆಗೆ ಬರುತ್ತಾನೆ. ಮಕ್ಕಳು ತಾಯಿಯ ತವರಿನಲ್ಲೇ ಬೆಳೆಯುತ್ತವೆ. ಕರಾವಳಿಯವರಿಗೆ ಅಳಿಯಕಟ್ಟು ನೆನಪಾಗಬಹುದು. ಅದಲ್ಲ ಇದು, ಇಲ್ಲಿ ಆಸ್ತಿ, ಯಜಮಾನಿಕೆ ಹಿರಿಯ ಮಗನ ಸಾಲಿನಲ್ಲೇ ಹೋಗುತ್ತದೆ. ಮೆಯ್ಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಪಟ್ಟಣದ ವಿದ್ವಾಂಸರು ಬಂದು ನೋಡಿ, ಆದಿಕಾಲದ ಪದ್ಧತಿ ಇನ್ನೂ ಉಳಿದಿದೆ ಅಂತ ಬೆರಗಾಗಿ ಬರೆದರು. ನನಗೆ ಇದರಲ್ಲಿ ಆದಿಕಾಲ ಕಾಣುವುದಿಲ್ಲ, ಲೆಕ್ಕ ಕಾಣುತ್ತದೆ. ದುಡಿಯುವ ಕೈ ಮನೆ ಬಿಟ್ಟು ಹೋಗಬಾರದು, ಮನೆ ಒಡೆಯಬಾರದು. ಆ ಕಿರಿಯ ತಮ್ಮಂದಿರು, ಆ ಅಕ್ಕತಂಗಿಯರು ಇದನ್ನು ನೆಮ್ಮದಿ ಅನ್ನುತ್ತಿದ್ದರೇ ಅಂತ ಆ ಹಳದಿ ದೀಪದ ಫೋಟೋ ನೋಡಿದಾಗೆಲ್ಲ ನನಗೆ ಅನಿಸುತ್ತದೆ.

ಎರಡನೇ ಮಹಾಯುದ್ಧ ಮುಗಿಯಿತು, ನೈಲಾನ್ ಬಂತು, ರೇಷ್ಮೆ ಬಿತ್ತು. ಅದರ ಹಿಂದೆಯೇ ಅಣೆಕಟ್ಟು. ಶೋ ನದಿಗೆ ಮಿಬೊರೊದಲ್ಲಿ 131 ಮೀಟರ್ ಎತ್ತರದ ಕಲ್ಲು ಮಣ್ಣಿನ ಕಟ್ಟೆ 1961ರಲ್ಲಿ ಮುಗಿಯಿತು, ನೂರಾರು ಮನೆ ಮುಳುಗಿದವು. ಶರಾವತಿ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಪ್ರಾಣ ಕೊಟ್ಟಾದರೂ ಊರು ಕಾಯುತ್ತೇವೆ ಅಂತ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು, ಕೊನೆಗೆ 1959ರಲ್ಲಿ ಸಂಘ ವಿಸರ್ಜನೆ ಆಯಿತು. ಕಟ್ಟೆ ಕಟ್ಟಿದ ವಿದ್ಯುತ್ ಕಂಪನಿಯ ಮೊದಲ ಅಧ್ಯಕ್ಷರಾಗಿದ್ದ ತಕಾಸಾಕಿ ತತ್ಸುನೊಸುಕೆ ಆಗ ಊರಿನ ದೇವಾಲಯದ ಅಂಗಳದಲ್ಲಿ ಒಂದು ಹಳೆಯ ಚೆರ್ರಿ ಮರ ನೋಡಿದರು. ನಾನೂರು ವರ್ಷ ದಾಟಿದ ಮರ. ಇದನ್ನಾದರೂ ಉಳಿಸಬೇಕು ಅಂದರು. ಅಂಥ ಎರಡು ಮರಗಳನ್ನು, ಒಂದೊಂದೂ ಮೂವತ್ತು ಟನ್ನಿಗೂ ಜಾಸ್ತಿ, 1960ರಲ್ಲಿ ಬೇರು ಸಮೇತ ಎತ್ತಿ ಮೇಲಿನ ದಡಕ್ಕೆ ಸಾಗಿಸಿದರು. ಬಲ್ಲವರೆಲ್ಲ ಆಗದು ಅಂದಿದ್ದರು. ಮರ ಚಿಗುರಿತು. ಈಗಲೂ ಹೂ ಬಿಡುತ್ತದೆ, ಜನ ಸೇರುತ್ತಾರೆ. ಊರು ಬಿಟ್ಟವರು ಬಂದು ಆ ಮರ ಅಪ್ಪಿಕೊಂಡು ಅತ್ತದ್ದನ್ನು ಆ ದಾರಿಯ ಬಸ್ ಕಂಡಕ್ಟರ್ ಒಬ್ಬ ನೋಡಿದ, ಸಾತೊ ರ್ಯೋಜಿ ಅಂತ. ನಗೋಯಾದಿಂದ ಕನಜಾವಾವರೆಗೆ ತನ್ನ ಬಸ್ಸಿನ ದಾರಿಯುದ್ದಕ್ಕೂ ಚೆರ್ರಿ ಗಿಡ ನೆಡಲು ಹೊರಟ. ಸುಮಾರು 2000 ಗಿಡ ನೆಟ್ಟು, 1977ರಲ್ಲಿ 47ನೇ ವಯಸ್ಸಿಗೆ ತೀರಿಕೊಂಡ. ಮರ ಉಳಿಸಿದ್ದು ದೊಡ್ಡದೇ. ಆದರೆ ಮರದ ಕತೆ ಎಲ್ಲರಿಗೂ ಗೊತ್ತು, ಆ ಮನೆಗಳ ಜನ ಎಲ್ಲಿ ಹೋದರು ಅಂತ ಕೇಳುವವರು ಕಡಿಮೆ.

ಮುಳುಗದ ಊರುಗಳೂ ಖಾಲಿಯಾದವು. ಕಾಜುರಾ ಅನ್ನುವ ಹಳ್ಳಿಯವರು 1967ರಲ್ಲಿ ಎಲ್ಲರೂ ಒಟ್ಟಿಗೆ ಊರು ಬಿಟ್ಟರು. ಗಾಶ್ಶೊ ಮನೆಗಳು ಮಾರಾಟಕ್ಕೆ ಬಂದವು. ಹಗ್ಗ ಬಿಚ್ಚಿದರೆ ಮನೆ ಬಿಚ್ಚಿ ಲಾರಿಗೆ ಹಾಕಬಹುದಲ್ವಾ, ಪಟ್ಟಣದವರು ಕೊಂಡು ಹೋಟೆಲ್ ಮಾಡಿದರು. ಅಣೆಕಟ್ಟಿನಿಂದಾಗಿ ಜಾಗ ಬಿಡಬೇಕಾದ ಒಂದು ದೊಡ್ಡ ಮನೆ ಈಗ ಯೊಕೊಹಾಮಾದ ಒಂದು ಉದ್ಯಾನದಲ್ಲಿ ನಿಂತಿದೆ. 1924ರಲ್ಲಿ ಶಿರಕಾವಾದಲ್ಲಿ ಸುಮಾರು 300 ಗಾಶ್ಶೊ ಮನೆಗಳಿದ್ದವು, 1961ಕ್ಕೆ 190 ಉಳಿದವು. ಆಗ ಓಗಿಮಾಚಿಯವರು 1971ರಲ್ಲಿ ಒಟ್ಟು ಸೇರಿ ಮೂರು ಮಾತಿನ ಕಟ್ಟು ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಸರ್ಕಾರದ ರಕ್ಷಣೆ ಬಂದದ್ದು 1976ರಲ್ಲಿ, ಯುನೆಸ್ಕೊ ಬಂದದ್ದು 1995ರಲ್ಲಿ. 1935ರಲ್ಲೇ ಬ್ರೂನೊ ಟೌಟ್ ಅನ್ನುವ ಜರ್ಮನ್ ವಾಸ್ತುಶಿಲ್ಪಿ, ಹಿಟ್ಲರ್ ಕಾಲದಲ್ಲಿ ದೇಶ ಬಿಟ್ಟು ಬಂದವನು, ಈ ಮನೆಗಳನ್ನು ನೋಡಿ ಬಹಳ ಹೊಗಳಿದ್ದ. ಹೊಗಳಿಕೆಯಿಂದ ಒಂದು ಮನೆಯೂ ಉಳಿಯಲಿಲ್ಲ. ಊರಿನವರು ಕೂತು ಮಾಡಿಕೊಂಡ ಕಟ್ಟಿನಿಂದ ಉಳಿಯಿತು.

ಕಟ್ಟು ಅಂದೆನಲ್ಲ, ಅದು ಅಲ್ಲಿ ಹೊಸದಲ್ಲ. ಯುಯಿ ಅಂತ ಅದಕ್ಕೊಂದು ಪದ ಇದೆ. ನಮ್ಮಲ್ಲಿ ಮುಯ್ಯಾಳು ಅನ್ನುತ್ತೇವಲ್ಲ, ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು, ಕೂಲಿ ಇಲ್ಲ. ಹಾಗೆ. ಚಾವಣಿಯ ಹುಲ್ಲು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಒಂದು ಮಗ್ಗುಲನ್ನು ಒಂದೇ ದಿನದಲ್ಲಿ ಮುಗಿಸುವುದು ರೂಢಿ. ಬಿಚ್ಚಿಟ್ಟ ಮೇಲೆ ಮಳೆ ಬಂದರೆ ಗತಿ? ಅದಕ್ಕೆ ನೂರು ಇನ್ನೂರು ಜನ ಒಟ್ಟಿಗೆ ಹತ್ತುತ್ತಾರೆ. ಹೊರಗಿನವನು ಹುಲ್ಲಿನ ಮೂಲಕ ಮರದ ದೊಡ್ಡ ಸೂಜಿ ಚುಚ್ಚುತ್ತಾನೆ. ಒಳಗೆ ಅಟ್ಟದ ಕತ್ತಲಲ್ಲಿ ಕೂತವನು ಹಗ್ಗವನ್ನು ತೊಲೆಗೆ ಸುತ್ತಿಸಿ ವಾಪಸ್ ಚುಚ್ಚುತ್ತಾನೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಕೂಗಿ ಹೇಳಬೇಕು. ಕೆಳಗೆ ಹೆಂಗಸರದು ಅಷ್ಟೂ ಜನರ ಅಡುಗೆ, ಅದು ಕಡಿಮೆ ಕೆಲಸ ಅಲ್ಲ, ಫೋಟೋದಲ್ಲಿ ಬರುವುದಿಲ್ಲ ಅಷ್ಟೇ.

ಇದೆಲ್ಲ ಒಳ್ಳೆಯತನದಿಂದ ನಡೆಯುತ್ತದೆ ಅಂತ ತಿಳಿಯಬೇಡಿ. ಲೆಕ್ಕದ ಪುಸ್ತಕ ಇದೆ. ಯಾರ ಮನೆಯ ಚಾವಣಿಗೆ ಯಾರು ಎಷ್ಟು ಕಟ್ಟು ಹುಲ್ಲು ತಂದರು, ಎಷ್ಟು ಹಗ್ಗ ಕೊಟ್ಟರು, ಎಷ್ಟು ಆಳು ಕಳಿಸಿದರು, ಎಲ್ಲ ಬರೆದಿಡುತ್ತಾರೆ. ಮೂವತ್ತು ವರ್ಷ ಆದ ಮೇಲೆ ಅವರ ಚಾವಣಿಯ ಸರದಿ ಬಂದಾಗ ಪುಸ್ತಕ ತೆಗೆದು ನೋಡಿ ಅಷ್ಟು ತೀರಿಸಬೇಕು. ಕೊಟ್ಟವನು ಸತ್ತಿರಬಹುದು, ಮಗನಿಗೆ ತೀರಿಸುತ್ತಾರೆ. ಮದುವೆ ಮುಯ್ಯಿ ಬರೆಯುವ ನಮ್ಮ ಪುಸ್ತಕದ ಹಾಗೇ, ಆದರೆ ಸ್ವಲ್ಪ ಉದ್ದದ ನೆನಪು. ಈಗ ಬಹಳಷ್ಟು ಚಾವಣಿ ಕೆಲಸ ಪಳಗಿದ ಕೆಲಸಗಾರರದು, ಸರ್ಕಾರದ ದುಡ್ಡೂ ಬರುತ್ತದೆ. ಜನ ಕಡಿಮೆ, ಹುಲ್ಲುಗಾವಲು ಕಡಿಮೆ, ಇರುವವರಿಗೂ ವಯಸ್ಸಾಗಿದೆ. ಯುಯಿ ಪೂರ್ತಿ ನಿಂತಿಲ್ಲ, ಆದರೆ ಹಿಂದಿನ ಹಾಗೂ ಇಲ್ಲ.

2008ರಲ್ಲಿ ಹೆದ್ದಾರಿ ಪೂರ್ತಿಯಾಯಿತು. ಬೆಟ್ಟದ ಹೊಟ್ಟೆಯಲ್ಲಿ 10 ಕಿಲೋಮೀಟರಿಗೂ ಉದ್ದದ ಹಿದಾ ಸುರಂಗ. ಆಮೇಲೆ ಬಸ್ಸುಗಳು ಸಾಲುಗಟ್ಟಿ ಬಂದವು. ಕೊರೊನಾಕ್ಕೆ ಮುಂಚೆ ಈ ಪಂಚಾಯಿತಿಗೆ ವರ್ಷಕ್ಕೆ 17 ಲಕ್ಷದ ಆಸುಪಾಸು ಜನ ಬರುತ್ತಿದ್ದರು. ಊರಲ್ಲಿರುವವರು ಸುಮಾರು 1500. ಬಂದವರು ಮನೆ ಅಂತ ನೋಡದೆ ಬಾಗಿಲು ಸರಿಸಿ ಒಳಗೆ ಇಣುಕುತ್ತಾರೆ, ಮ್ಯೂಸಿಯಂ ಅಂದುಕೊಂಡು. ನಾನೂ ಮೊದಲ ಸಲ ಒಂದು ಮನೆಯ ಅಂಗಳದಲ್ಲಿ ನಿಂತು ಫೋಟೋ ತೆಗೆಯುತ್ತಿದ್ದಾಗ ಒಳಗಿನಿಂದ ಟಿವಿ ಶಬ್ದ ಕೇಳಿ ನಾಚಿಕೆಯಾಗಿ ಈಚೆ ಬಂದೆ. ಚಳಿಗಾಲದ ದೀಪದ ಸಂಜೆಗೆ 2019ರಿಂದ ಮುಂಗಡ ಬುಕ್ ಮಾಡದೆ ಹೋಗುವ ಹಾಗಿಲ್ಲ. ಒಳ್ಳೆಯದೇ ಆಯಿತು.

ಅವರಿಗೆ ನಿಜವಾದ ಭಯ ಜನದ್ದಲ್ಲ, ಬೆಂಕಿಯದು. ಒಣ ಹುಲ್ಲಿನ ಚಾವಣಿ, ಅದರ ಕೆಳಗೇ ಬೆಂಕಿ. ಒಂದು ಕಿಡಿ ಹಾರಿದರೆ ಇಡೀ ಊರು. ಅದಕ್ಕೆ ದಿನವೂ ಸರದಿಯ ಮೇಲೆ ಮನೆಯವರೊಬ್ಬರು ಬೆಂಕಿ ಜೋಪಾನ ಅಂತ ಎಚ್ಚರಿಸುತ್ತಾ ಊರು ಸುತ್ತುತ್ತಾರೆ. ಊರ ತುಂಬ 59 ನೀರಿನ ಫಿರಂಗಿಗಳಿವೆ. ಪಂಪಿಲ್ಲ. ನೀರು ಮೇಲಿನ ತೊಟ್ಟಿಯಿಂದ ಇಳಿಜಾರಿನ ಒತ್ತಡಕ್ಕೇ ಚಿಮ್ಮುತ್ತದೆ, ಕರೆಂಟು ಹೋದರೂ ನಿಲ್ಲಬಾರದು ಅಂತ. ವರ್ಷಕ್ಕೊಮ್ಮೆ, ಹಿಮ ಬೀಳುವ ಮುಂಚೆ, ಎಲ್ಲವನ್ನೂ ಒಟ್ಟಿಗೆ ಬಿಟ್ಟು ನೋಡುತ್ತಾರೆ. 2019ರ ನವೆಂಬರಿನಲ್ಲಿ ಪಾರ್ಕಿಂಗ್ ಹತ್ತಿರದ ಎರಡು ಸಣ್ಣ ಕೊಟ್ಟಿಗೆಗಳಿಗೆ ಬೆಂಕಿ ಬಿತ್ತು. ಅವು ಸುಟ್ಟವು. ಫಿರಂಗಿಗಳು ತಮ್ಮ ಕೆಲಸ ಮಾಡಿದವು, ಬೆಂಕಿ ದೊಡ್ಡ ಮನೆಗಳವರೆಗೆ ಬರಲಿಲ್ಲ.

ಪರದೆ ಮೇಲೆ ಈಗ ಕೊನೆಯ ಫೋಟೋ. ಇದೂ ನನಗೆ ವಾಟ್ಸಾಪಿನಲ್ಲೇ ಬಂದದ್ದು. ಹುಲ್ಲಿನ ಚಾವಣಿಗಳ ಮೇಲೆ ಬಿಳಿ ನೀರಿನ ಕಮಾನುಗಳು, ಹತ್ತಾರು, ಒಂದರ ಮೇಲೊಂದು. ಕೆಳಗೆ ಯಾರೋ ಬರೆದಿದ್ದರು, ಜಪಾನಿನ ಹಳ್ಳಿಯಲ್ಲಿ ಕಾರಂಜಿ ಪ್ರದರ್ಶನ ಅಂತ. ನಾನು ವಾಪಸ್ ಬರೆದೆ: ಕಾರಂಜಿ ಅಲ್ಲ ಮಾರಾಯರೇ, ಪ್ರತಿ ಕೊಳವೆಯ ಹಿಂದೆ ಆ ಮನೆಯವರು ಒಬ್ಬೊಬ್ಬರು ಒದ್ದೆಯಾಗಿ ನಿಂತಿದ್ದಾರೆ, ಸ್ವಲ್ಪ ಜೂಮ್ ಮಾಡಿ ನೋಡಿ.